ಚೀಟಿಗಳ ಬೆಲೆ, ಬರ್ಡಿಕನ ಅಂಟು

ಬೇಸ್‌ಬಾಲ್ ಅಮೆರಿಕದ ಆಟ. ನಮ್ಮಲ್ಲಿ ಅದನ್ನು ಕಣ್ಣಾರೆ ಕಂಡವರೇ ಕಡಮೆ. ಆ ಆಟಗಾರರ ಚಿತ್ರವನ್ನು ಅಚ್ಚುಮಾಡಿದ, ಅಂಗೈಗಿಂತ ಚಿಕ್ಕದಾದ ರಟ್ಟಿನ ಚೀಟಿಗಳಿಗೂ ಒಂದು ಚರಿತ್ರೆ ಉಂಟೆಂದರೆ ಕೇಳುಗರಿಗೆ ನಗು ಬಂದೀತು. ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಆಯ್ದು ಜೋಪಾನಮಾಡಿದ ಬಾಲ್ಯ ನೆನಪಿರುವವರು ಮಾತ್ರ ನಗಲಾರರು.

1880ರ ದಶಕದಲ್ಲಿ, ಸಿಗರೇಟು ಪೊಟ್ಟಣ ಮುದುರದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಈ ಚಿತ್ರಗಳು ಬಂದವು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರಡಿಸಿದ ಒಂದೇ ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಚೀಟಿಗಳಿವೆ. ಅವುಗಳಲ್ಲಿ ಹೋನಸ್ ವ್ಯಾಗ್ನರನ ಚೀಟಿ ಬಹುಬೇಗ ನಿಂತುಹೋಯಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳಬಾರದೆಂದು ಅವನೇ ತಡೆದನೆಂದು ಕೆಲವರು ಹೇಳುತ್ತಾರೆ. ಹಣ ಕೊಡಲಿಲ್ಲವೆಂದು ಸಿಟ್ಟಾದನೆಂದು ಕೆಲವರು. ಅವನೇ ತಂಬಾಕು ಜಗಿಯುತ್ತಿದ್ದವನು ಎಂಬುದನ್ನೂ ಮರೆಯುವಂತಿಲ್ಲ. 2022ರಲ್ಲಿ ಆ ಚೀಟಿಯ ಒಂದು ಪ್ರತಿ 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು.

ಅದಿರಲಿ. ನನ್ನ ಕುತೂಹಲವೆಲ್ಲ ಉಳಿದವರ ಮೇಲೆ. ಕೀರ್ತಿಶಿಖರಕ್ಕೇರದ ಆಟಗಾರರ ಚೀಟಿಗಳಿಗೆ ಸಂಗ್ರಾಹಕರು 'ಕಾಮನ್' ಎಂದು ಹೆಸರಿಟ್ಟಿದ್ದಾರೆ. ಇವುಗಳ ಬೆಲೆಯನ್ನು ಕಟ್ಟುವುದು ಆಟಗಾರನ ಸಾಹಸವಲ್ಲ. ಚೀಟಿಯ ಮೂಲೆ ಚೂಪಾಗಿದೆಯೆ, ನಡುವೆ ಮಡಿಕೆ ಬಿದ್ದಿದೆಯೆ, ನಾಲ್ಕೂ ಅಂಚುಗಳು ಸಮವಾಗಿವೆಯೆ ಎಂಬ ಪರೀಕ್ಷೆ. ಅದೃಷ್ಟದ ಪಾಲೂ ಸಣ್ಣದಲ್ಲ. 1952ರ ಟಾಪ್ಸ್ ಮಾಲೆಯ ಮೊದಲ ಚೀಟಿ ಆ್ಯಂಡಿ ಪಾಫ್ಕೊ ಎಂಬವನದು. ಹುಡುಗರು ಚೀಟಿಗಳನ್ನು ಸಂಖ್ಯೆಯಂತೆ ಜೋಡಿಸಿ ರಬ್ಬರ್ ಪಟ್ಟಿ ಬಿಗಿಯುತ್ತಿದ್ದರು; ಮೇಲಿದ್ದ ಪಾಫ್ಕೊ ಎಲ್ಲರ ಪರವಾಗಿ ಸವೆದ. ಆದ್ದರಿಂದಲೇ ಸವೆಯದ ಪಾಫ್ಕೊ ಸಿಕ್ಕರೆ ಇಂದು ಭಾರಿ ಬೆಲೆ! ಅದೇ ಮಾಲೆಯ 311ರಿಂದ 407ರವರೆಗಿನ ಚೀಟಿಗಳು ಅಂಗಡಿಗೆ ಬರುವಷ್ಟರಲ್ಲಿ ಆಟದ ಋತುವೇ ಮುಗಿಯುತ್ತ ಬಂದಿತ್ತು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರ ಸುಮಾರಿಗೆ ಕಂಪನಿಯವರು ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು. ಹೀಗಾಗಿ ಆ ಭಾಗದ ಸಾಮಾನ್ಯನೂ ದುಬಾರಿಯವನಾದ.

ಇಷ್ಟು ಚೀಟಿಗಳಿಗೆ ಮೊದಲು ಲೆಕ್ಕ ಕೊಟ್ಟವನು ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದವನು. ವಿದ್ಯುತ್ ಸಲಕರಣೆಗಳ ಕಾರ್ಖಾನೆಯಲ್ಲಿ ಕೆಲಸಗಾರ, ಅವಿವಾಹಿತ, ಸಂಧಿವಾತದ ರೋಗಿ. ಮೇಲೆ ಹೇಳಿದ ತಂಬಾಕಿನ ಮಾಲೆಗೆ 'ಟಿ 206' ಎಂಬ ಗುರುತು ಬಂದದ್ದು ಅವನ ಸೂಚಿಯಿಂದ. ಮೂರು ಲಕ್ಷಕ್ಕೂ ಮಿಕ್ಕ ಮುದ್ರಿತ ಚೀಟಿ ಚೂರುಗಳನ್ನು ಅವನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯಕ್ಕೆ ದಾನಮಾಡಿದ. ಮಾಡಿ, ಸೊಟ್ಟಗಾಗಿದ್ದ ಬೆರಳುಗಳಿಂದ ವರ್ಷಗಟ್ಟಲೆ ತಾನೇ ಕುಳಿತು ಪುಸ್ತಕಗಳಿಗೆ ಅಂಟಿಸಿದ. ಅಂಟು ತಗಲಿದರೆ ಮಾರುಕಟ್ಟೆಯ ಬೆಲೆ ಕುಸಿಯುತ್ತದೆಂದು ಇಂದಿನ ಸಂಗ್ರಾಹಕರು ಹಲುಬುವುದುಂಟು. ಅವನು ವ್ಯಾಗ್ನರನನ್ನೂ ಅಂಟಿಸಿದ, ಹೆಸರು ಮರೆತುಹೋದವರನ್ನೂ ಅದೇ ಅಂಟಿನಿಂದ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿಯಲ್ಲಿ ಅವನು ತೀರಿಕೊಂಡ.