ಹಳಿ ಹಾಸಿದವರು ಚಿತ್ರದಲ್ಲಿಲ್ಲ

1869ರ ಮೇ 10ರಂದು ಅಮೆರಿಕದ ಯೂಟಾ ಪ್ರಾಂತ್ಯದ ಪ್ರಾಮಂಟರಿ ಎಂಬಲ್ಲಿ ಎರಡು ರೈಲು ಎಂಜಿನ್‌ಗಳು ಮುಖಾಮುಖಿಯಾಗಿ ನಿಂತವು. ಪೂರ್ವದಿಂದ ಯೂನಿಯನ್ ಪೆಸಿಫಿಕ್, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಕಂಪನಿಗಳು ಹಾಸಿಕೊಂಡು ಬಂದ ಹಳಿಗಳು ಅಂದು ಕೂಡಿದವು. ಚಿನ್ನದ ಮೊಳೆ ಇಟ್ಟು ಸಮಾರಂಭ ನಡೆಸಲಾಯಿತು. ಆ ಗಳಿಗೆಯನ್ನು ಆಂಡ್ರ್ಯೂ ರಸೆಲ್ ಸೆರೆಹಿಡಿದ ಛಾಯಾಚಿತ್ರ ಜಗತ್ಪ್ರಸಿದ್ಧ. ಆದರೆ ಪಶ್ಚಿಮ ಭಾಗದ ದಾರಿಯನ್ನು ಕಡಿದು ಕಟ್ಟಿದ ಚೀನೀ ಕಾರ್ಮಿಕರ ಮುಖ ಅದರಲ್ಲಿ ಹುಡುಕಿದರೂ ಸಿಗದು.

ಸೆಂಟ್ರಲ್ ಪೆಸಿಫಿಕ್ ಕೆಲಸ ಸ್ಯಾಕ್ರಮೆಂಟೋದಲ್ಲಿ ಆರಂಭವಾದದ್ದು 1863ರ ಜನವರಿಯಲ್ಲಿ. ಎರಡು ವರ್ಷ ಕಳೆದರೂ ಐವತ್ತು ಮೈಲಿ ದಾರಿಯೂ ಆಗಿರಲಿಲ್ಲ. ಕೆಲಸಕ್ಕೆ ಬಂದ ಬಿಳಿಯರು ನೆವಾಡದ ಬೆಳ್ಳಿ ಗಣಿಗಳತ್ತ ಓಡುತ್ತಿದ್ದರು. ಚೀನೀಯರನ್ನು ಸೇರಿಸಿಕೊಳ್ಳೋಣವೆಂದು ಕಂಪನಿಯ ಪಾಲುದಾರ ಚಾರ್ಲ್ಸ್ ಕ್ರಾಕರ್ ಹೇಳಿದಾಗ, ಈ ಸಣ್ಣ ಆಳುಗಳಿಂದ ಏನಾದೀತು ಎಂದು ಮೇಲ್ವಿಚಾರಕ ಸ್ಟ್ರೋಬ್ರಿಜ್ ಮೂಗು ಮುರಿದ. ಪರೀಕ್ಷೆಗೆಂದು ಐವತ್ತು ಜನ ಬಂದರು. ಕ್ರಮೇಣ ಸಾವಿರಾರು ಜನ ಸೇರಿದರು. ಕಂಪನಿಯ ದುಡಿಯುವ ಕೈಗಳಲ್ಲಿ ಬಹುಪಾಲು ಅವರವೇ ಆದವು. ಹೆಚ್ಚಿನವರು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗರು. ಬರ, ದಂಗೆ, ಸಾಲಗಳಿಂದ ಬೇಸತ್ತು ಕಡಲು ದಾಟಿದವರು.

ಸಿಯೆರಾ ನೆವಾಡ ಪರ್ವತ ಅವರ ನಿಜವಾದ ಪರೀಕ್ಷೆಯಾಯಿತು. ಸುಮಾರು ಏಳು ಸಾವಿರ ಅಡಿ ಎತ್ತರದ ಶಿಖರದಲ್ಲಿ 1,659 ಅಡಿ ಉದ್ದದ ಸುರಂಗವನ್ನು ಗಟ್ಟಿ ಗ್ರಾನೈಟ್ ಬಂಡೆಯಲ್ಲಿ ಕೊರೆಯಬೇಕಿತ್ತು. ಎರಡು ತುದಿಗಳಿಂದ ಮಾತ್ರವಲ್ಲ, ನಡುವೆ ಬಾವಿಯಂತೆ ಇಳಿದು ಅಲ್ಲಿಂದಲೂ ಎರಡು ಕಡೆಗೆ ಕೊರೆದರು. ಸುತ್ತಿಗೆ, ಚಾಣ, ಸಿಡಿಮದ್ದು, ಕೊನೆಗೆ ನೈಟ್ರೋಗ್ಲಿಸರಿನ್ ಬಳಸಿದರೂ ಕೆಲಸ ಅಡಿ ಲೆಕ್ಕದಲ್ಲಷ್ಟೇ ಸಾಗುತ್ತಿತ್ತು. ಚಳಿಗಾಲದಲ್ಲಿ ಹಿಮದಡಿಯ ಓಣಿಗಳಲ್ಲೇ ವಾಸ. ಹಿಮಕುಸಿತಕ್ಕೆ ಸಿಕ್ಕವರ ಹೆಣ ಎಷ್ಟೋ ವೇಳೆ ವಸಂತದಲ್ಲಿ ಹಿಮ ಕರಗಿದ ಮೇಲೆಯೇ ಸಿಗುತ್ತಿತ್ತು.

ಇಷ್ಟಾದರೂ ಸಂಬಳದಲ್ಲಿ ತಾರತಮ್ಯ. ಬಿಳಿಯ ಕೂಲಿಗಳಿಗೆ ಊಟ, ವಸತಿ ಕಂಪನಿಯದು. ಚೀನೀಯರು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳಬೇಕು. 1867ರ ಜೂನ್‌ನಲ್ಲಿ ಸುಮಾರು ಮೂರು ಸಾವಿರ ಚೀನೀಯರು ಒಮ್ಮೆಲೇ ಕೆಲಸ ನಿಲ್ಲಿಸಿದರು. ತಿಂಗಳಿಗೆ 40 ಡಾಲರ್ ಸಂಬಳ ಮತ್ತು ಸುರಂಗದಲ್ಲಿ ಕಡಿಮೆ ಅವಧಿಯ ದುಡಿಮೆ ಅವರ ಬೇಡಿಕೆ. ಗಲಾಟೆಯಿಲ್ಲ, ಹೊಡೆದಾಟವಿಲ್ಲ. ದಾರಿಯುದ್ದಕ್ಕೂ ಭಾನುವಾರದಂತಿತ್ತು ಎಂದು ಕ್ರಾಕರನೇ ಮುಂದೆ ನೆನೆದುಕೊಂಡ. ಆದರೆ ಆತ ಶಿಬಿರಗಳಿಗೆ ಆಹಾರ ಪೂರೈಕೆಯನ್ನೇ ನಿಲ್ಲಿಸಿದ. ಒಂದು ವಾರದಲ್ಲಿ ಹಸಿವು ಮುಷ್ಕರವನ್ನು ಮುರಿಯಿತು.

ಸತ್ತವರೆಷ್ಟು ಎಂಬ ಲೆಕ್ಕವನ್ನು ಕಂಪನಿ ಇಡಲಿಲ್ಲ. ಸುಮಾರು 1,200 ಜನರ ಅಸ್ಥಿಗಳನ್ನು ತುಂಬಿದ ರೈಲು ಹಾದುಹೋದದ್ದನ್ನು 1870ರಲ್ಲಿ ಸ್ಯಾಕ್ರಮೆಂಟೋದ ಪತ್ರಿಕೆಯೊಂದು ವರದಿ ಮಾಡಿತು. ಹುಟ್ಟೂರಿನ ಮಣ್ಣಿಗೆ ಸೇರಬೇಕೆಂಬುದು ಅವರ ನಂಬಿಕೆ. ಬದುಕಿ ಉಳಿದವರಿಗೆ ಸಿಕ್ಕ ಪ್ರತಿಫಲ 1882ರ ಕಾನೂನು: ಚೀನೀ ಕಾರ್ಮಿಕರು ಇನ್ನು ಅಮೆರಿಕಕ್ಕೆ ಬರಕೂಡದು. ಅದು ರದ್ದಾದದ್ದು 1943ರಲ್ಲಿ. ವಲಸೆ ಬಂದ ಚೀನೀಯರಿಗೆ ಪೌರತ್ವ ಪಡೆಯುವ ಹಕ್ಕು ದೊರೆತದ್ದೂ ಆಗಲೇ.

1969ರ ಶತಮಾನೋತ್ಸವದಲ್ಲಿ ಸಾರಿಗೆ ಕಾರ್ಯದರ್ಶಿ ಜಾನ್ ವೋಲ್ಪಿ, ಹಿಮದಡಿ ಇಂಥ ಸುರಂಗ ಕೊರೆಯುವುದು ಅಮೆರಿಕನ್ನರಿಗಲ್ಲದೆ ಇನ್ನಾರಿಗೆ ಸಾಧ್ಯ ಎಂಬರ್ಥದಲ್ಲಿ ಹೆಮ್ಮೆಪಟ್ಟರು. ಕೊರೆದವರಿಗೆ ಅಂದು ಅಮೆರಿಕನ್ನರಾಗುವ ಅವಕಾಶವೇ ಇರಲಿಲ್ಲ ಎಂಬುದು ಅವರ ಮಾತಿನಲ್ಲಿ ಬರಲಿಲ್ಲ. ಅಮೆರಿಕದ ಕಾರ್ಮಿಕ ಇಲಾಖೆ ಈ ಕಾರ್ಮಿಕರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿದ್ದು 2014ರಲ್ಲಿ. ಕಂಪನಿಯ ಸಂಬಳದ ಪುಸ್ತಕದಲ್ಲಿ ಹೆಚ್ಚಾಗಿ ಇರುವುದು ತಂಡದ ಮೇಸ್ತ್ರಿಯ ಹೆಸರು ಮಾತ್ರ. ಆ ದಾರಿಯಲ್ಲಿ ದುಡಿದ ಒಬ್ಬನೇ ಒಬ್ಬ ಚೀನೀ ಕಾರ್ಮಿಕ ಬರೆದ ಪತ್ರವಾಗಲಿ ದಿನಚರಿಯಾಗಲಿ ಸಂಶೋಧಕರಿಗೆ ದೊರೆತಿಲ್ಲ. ಅವರ ಪಾಲಿಗೆ ಸಾಕ್ಷಿಯಾಗಿ ಉಳಿದಿರುವುದು ಬಂಡೆಯ ಮೇಲಿನ ಚಾಣದ ಗುರುತು.