ವೆನಿಸ್‌ನ ಪ್ರೇಕ್ಷಣೀಯ ಸ್ಥಳಗಳು ಮತ್ತು ವಿಜಯನಗರದ ಆಕರಗಳು

1

ವಿಜಯನಗರವನ್ನು ಕಂಡು ಅದರ ವಿವರಗಳನ್ನು ಯುರೋಪಿಗೆ ತಲುಪಿಸಿದ ವಿದೇಶೀಯರಲ್ಲಿ ಇಬ್ಬರು ವೆನಿಸ್ ಗಣರಾಜ್ಯಕ್ಕೆ ಸೇರಿದವರು. ಸುಮಾರು 1420ರಲ್ಲಿ ಬಂದ ನಿಕೊಲೊ ಕೊಂಟಿ ಮೊದಲನೆಯವನು; ರಕ್ಕಸತಂಗಡಿ ಕಾಳಗದ ಎರಡು ವರ್ಷಗಳ ಬಳಿಕ, 1567ರಲ್ಲಿ ಬಂದ ಚೆಸಾರೆ ಫೆಡರಿಚಿ ಎರಡನೆಯವನು. ನಮ್ಮಲ್ಲಿ ಈ ಇಬ್ಬರ ಹೇಳಿಕೆಗಳು ಪದೇ ಪದೇ ಉಲ್ಲೇಖಗೊಂಡಿವೆ. ಆದರೆ ಅವರು ಹೊರಟು ಬಂದ, ಮರಳಿ ಹೋದ ನಗರವನ್ನು ಈ ಹೇಳಿಕೆಗಳೊಡನೆ ಇಟ್ಟು ನೋಡುವ ಪ್ರಯತ್ನ ಅಷ್ಟಾಗಿ ನಡೆದಂತಿಲ್ಲ. ಪ್ರವಾಸಿ ಕೈಪಿಡಿಗಳು ವೆನಿಸ್‌ನ ಕಟ್ಟಡಗಳನ್ನು ಸೌಂದರ್ಯದ ನೆಲೆಯಿಂದ ವರ್ಣಿಸುತ್ತವೆ. ಅವುಗಳಲ್ಲಿ ಕೆಲವನ್ನು ಕನ್ನಡ ನಾಡಿನ ಚರಿತ್ರೆಯ ಆಕರಗಳಾಗಿಯೂ ಓದಬಹುದೆಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ವೆನಿಸ್ ಏಡ್ರಿಯಾಟಿಕ್ ಸಮುದ್ರದ ಆಳವಿಲ್ಲದ ಹಿನ್ನೀರಿನಲ್ಲಿ, ನೂರಕ್ಕೂ ಹೆಚ್ಚು ಕಿರುದ್ವೀಪಗಳ ಮೇಲೆ, ಕೆಸರಿನಲ್ಲಿ ಒತ್ತಾಗಿ ಹೂತ ಮರದ ಕಂಬಗಳ ಆಧಾರದಲ್ಲಿ ನಿಂತಿರುವ ನಗರ. ಸುಮಾರು 3.8 ಕಿಲೊಮೀಟರ್ ಉದ್ದದ ಮಹಾಕಾಲುವೆ ಅದನ್ನು ಸುತ್ತಿಬಳಸಿ ಸೀಳಿ ಹರಿಯುತ್ತದೆ. ಈ ಕಾಲುವೆಗಳಲ್ಲಿರುವುದು ಉಪ್ಪುನೀರು. ಅವು ದೋಣಿಗಳ ಬೀದಿಗಳೇ ಹೊರತು ಹೊಲಕ್ಕೆ ನೀರುಣಿಸುವವಲ್ಲ. ಕುಡಿಯುವ ನೀರಿಗೆ ವೆನಿಸ್ಸಿಗರು ಬಯಲುಗಳ ಕೆಳಗೆ ತೊಟ್ಟಿಗಳನ್ನು ಕಟ್ಟಿ, ಮಳೆನೀರನ್ನು ಮರಳಿನ ಮೂಲಕ ಸೋಸಿ ಸಂಗ್ರಹಿಸುತ್ತಿದ್ದರು. ಅಧಿಪತಿಯಾದ ಡೋಜನ ಅರಮನೆಯ ಅಂಗಳದಲ್ಲಿ ಇಂದಿಗೂ ಕಾಣುವ ಎರಡು ಕಂಚಿನ ಬಾವಿಕಟ್ಟೆಗಳು ಈ ವ್ಯವಸ್ಥೆಯ ಕುರುಹುಗಳು. ವಿಜಯನಗರದ ಕಾಲುವೆಗಳ ಸ್ವರೂಪ ಬೇರೆ. ತುಂಗಭದ್ರೆಯ ಸಿಹಿನೀರನ್ನು ತಂದ ತುರ್ತು ಕಾಲುವೆ ಇಂದಿಗೂ ಹಂಪೆಯ ಗದ್ದೆ ತೋಟಗಳನ್ನು ಸಾಕುತ್ತಿದೆ. ಎರಡೂ ನಗರಗಳು ನೀರನ್ನು ಆಳಿದವು. ಆದರೆ ಒಂದು ತನ್ನ ಅನ್ನವನ್ನು ಹೊರಗಿನಿಂದ ತಂದಿತು, ಇನ್ನೊಂದು ತನ್ನ ಕಾಲುವೆಗಳ ಕೆಳಗೇ ಬೆಳೆಯಿತು.

3

ವೆನಿಸ್‌ನ ಪ್ರೇಕ್ಷಣೀಯ ಸ್ಥಳಗಳಲ್ಲಿ ಮೊದಲು ನಿಲ್ಲುವುದು ಸಂತ ಮಾರ್ಕನ ಚರ್ಚು. ಸಂತನ ಅವಶೇಷಗಳನ್ನು 828ರಲ್ಲಿ ಅಲೆಕ್ಸಾಂಡ್ರಿಯದಿಂದ ತರಲಾಯಿತೆಂಬುದು ಪರಂಪರೆ. ಇಂದಿನ ಕಟ್ಟಡ ಹನ್ನೊಂದನೆಯ ಶತಮಾನದ್ದು. ಅದರ ನಾಲ್ಕು ಕುದುರೆಗಳು 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿಯಾದಾಗ ಬಂದವು; ಮೂಲ ವಿಗ್ರಹಗಳು ಈಗ ಒಳಗಿನ ವಸ್ತುಸಂಗ್ರಹಾಲಯದಲ್ಲಿವೆ, ಹೊರಗಿರುವುವು ಪ್ರತಿಕೃತಿಗಳು. ನಮಗಿಲ್ಲಿ ಮುಖ್ಯವಾದುದು ಅಲೆಕ್ಸಾಂಡ್ರಿಯದ ನಂಟು. ಭಾರತದ ಪಶ್ಚಿಮ ಕರಾವಳಿಯಿಂದ ಅರಬ್ಬೀ ಸಮುದ್ರ ಮತ್ತು ಕೆಂಪು ಸಮುದ್ರ ದಾಟಿ ಸಾಗಿದ ಮೆಣಸನ್ನು ವೆನಿಸ್ ವರ್ತಕರು ಕೊಳ್ಳುತ್ತಿದ್ದ ಪ್ರಮುಖ ಬಂದರು ಅದೇ.

ಆ ಸರಕಿನ ವ್ಯವಹಾರ ಕುದುರುತ್ತಿದ್ದುದು ರಿಯಾಲ್ಟೊ ಪೇಟೆಯಲ್ಲಿ. ಅಲ್ಲಿರುವ ಪ್ರಸಿದ್ಧ ಕಲ್ಲಿನ ಸೇತುವೆ 1588-91ರ ನಿರ್ಮಾಣ. ಕೊಂಟಿ, ಫೆಡರಿಚಿ ಇಬ್ಬರೂ ಹೊರಟದ್ದು ಮರದ ಸೇತುವೆಯ ಕಾಲದಲ್ಲಿ. ಸಂತ ಮಾರ್ಕನ ಚೌಕದ ಬಳಿ ಸಾನ್ಸೊವಿನೊ ಕಟ್ಟಿದ ಟಂಕಸಾಲೆಯಿದೆ. 1284ರಿಂದ ವೆನಿಸ್ ಅಚ್ಚು ಹಾಕಿದ ಚಿನ್ನದ ಡ್ಯುಕಾಟ್ ಸುಮಾರು 3.5 ಗ್ರಾಂ ತೂಗುತ್ತಿತ್ತು. ದಕ್ಷಿಣ ಭಾರತದ ನಾಣ್ಯನಿಧಿಗಳಲ್ಲಿಯೂ ಅದು ದೊರೆತಿದೆ. ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ. ಇದರಿಂದ ಒಂದು ಮತ್ತೊಂದರ ಅನುಕರಣೆಯೆಂದು ತೀರ್ಮಾನಿಸಲಾಗದು; ವರಹಕ್ಕೆ ಗದ್ಯಾಣದ ಸ್ವಂತ ಪರಂಪರೆಯಿದೆ. ಎರಡು ನಾಣ್ಯಗಳು ಒಂದೇ ತಕ್ಕಡಿಯಲ್ಲಿ ಸುಲಭವಾಗಿ ತೂಗಬಲ್ಲವಾಗಿದ್ದುವೆಂಬಷ್ಟನ್ನು ಮಾತ್ರ ಹೇಳಬಹುದು.

4

ಟಂಕಸಾಲೆಯ ಆ ಕಟ್ಟಡ ಇಂದು ಪಕ್ಕದ ಮಾರ್ಚಿಯಾನಾ ಗ್ರಂಥಾಲಯದ ಭಾಗವಾಗಿದೆ. ಕಾರ್ಡಿನಲ್ ಬೆಸ್ಸಾರಿಯನ್ 1468ರಲ್ಲಿ ದಾನವಿತ್ತ ಹಸ್ತಪ್ರತಿಗಳಿಂದ ಆರಂಭವಾದ ಈ ಸಂಗ್ರಹದಲ್ಲಿ ಫ್ರಾ ಮೌರೊ ಎಂಬ ಸನ್ಯಾಸಿ ಸುಮಾರು 1450ರಲ್ಲಿ ರಚಿಸಿದ ಭೂಪಟವಿದೆ. ಸುಮಾರು ಎರಡು ಮೀಟರ್ ವ್ಯಾಸದ ಈ ವೃತ್ತದಲ್ಲಿ ದಕ್ಷಿಣ ದಿಕ್ಕು ಮೇಲಿದೆ. ಭಾರತ ಮತ್ತು ಅದರ ಆಚೆಗಿನ ಪ್ರದೇಶಗಳ ವಿವರಗಳಿಗೆ ಕೊಂಟಿ ತಂದ ಮಾಹಿತಿ ಬಳಕೆಯಾಗಿದೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಕನ್ನಡ ಸಂಶೋಧಕನಿಗೆ ವೆನಿಸ್‌ನಲ್ಲಿ ನೋಡಲೇಬೇಕಾದ ಒಂದೇ ವಸ್ತುವನ್ನು ಹೆಸರಿಸಬೇಕಾದರೆ ನಾವು ಇದನ್ನೇ ಹೆಸರಿಸುತ್ತೇವೆ.

ಕೊಂಟಿ ತನ್ನ ಪ್ರವಾಸವನ್ನು ತಾನೇ ಬರೆಯಲಿಲ್ಲ. ಪ್ರವಾಸದಲ್ಲಿ ಧರ್ಮ ಬಿಟ್ಟುದಕ್ಕೆ ಕ್ಷಮೆ ಬೇಡಿದಾಗ, ತನ್ನ ಅನುಭವಗಳನ್ನು ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚಿಯೊಲಿನಿಗೆ ಹೇಳಬೇಕೆಂಬ ಪ್ರಾಯಶ್ಚಿತ್ತ ಅವನಿಗೆ ವಿಧಿಸಲ್ಪಟ್ಟಿತೆಂದು ಹೇಳಲಾಗಿದೆ. ಪೊಜ್ಜೊ ಅದನ್ನು ಲ್ಯಾಟಿನ್ನಿನಲ್ಲಿ, ಅದೃಷ್ಟದ ಏರಿಳಿತವನ್ನು ಕುರಿತ ತನ್ನ ಗ್ರಂಥದ ನಾಲ್ಕನೆಯ ಭಾಗವಾಗಿ ಬರೆದನು. 1502ರಲ್ಲಿ ಲಿಸ್ಬನ್‌ನಲ್ಲಿ ಅದರ ಪೋರ್ಚುಗೀಸ್ ಅನುವಾದ ಅಚ್ಚಾಯಿತು. 1550ರಲ್ಲಿ ವೆನಿಸ್‌ನ ರಾಮೂಸಿಯೊ ಲ್ಯಾಟಿನ್ ಮೂಲ ಸಿಗದೆ, ಆ ಪೋರ್ಚುಗೀಸಿನಿಂದಲೇ ಇಟಾಲಿಯನ್ನಿಗೆ ತಂದನು. ಹೀಗೆ ಒಬ್ಬ ವೆನಿಸ್ಸಿಗನ ಮಾತು ಎರಡು ಪರಭಾಷೆಗಳನ್ನು ಹಾದು ತನ್ನ ನಾಡಿನ ನುಡಿಗೆ ಮರಳಿತು. ಫೆಡರಿಚಿಯ ಸಂದರ್ಭ ಭಿನ್ನವಾದುದು. ಏಳು ತಿಂಗಳು ವಿಜಯನಗರದಲ್ಲಿದ್ದ ಈ ವರ್ತಕನ ಇಟಾಲಿಯನ್ ಕೃತಿ 1587ರಲ್ಲಿ ವೆನಿಸ್‌ನಲ್ಲೇ ಅಚ್ಚಾಯಿತು. ನಗರ ಪೂರ್ತಿ ನೆಲಸಮವಾಗಿರಲಿಲ್ಲ, ಮನೆಗಳು ನಿಂತಿದ್ದುವು, ಆದರೆ ಜನರಿರಲಿಲ್ಲ ಎಂಬ ಅವನ ಹೇಳಿಕೆಯ ಬೆಲೆ ಆದುದರಿಂದ ಹೆಚ್ಚು.

ರಾಬರ್ಟ್ ಸೀವೆಲ್ 1900ರಲ್ಲಿ ಇಬ್ಬರ ಮಾತುಗಳನ್ನೂ ಬಳಸಿಕೊಂಡ ಮೇಲೆ, ನಮ್ಮ ಬರಹಗಳಲ್ಲಿ ಎರಡೂ ಸಮಾನ ತೂಕದ ಪ್ರತ್ಯಕ್ಷ ಸಾಕ್ಷ್ಯಗಳಾಗಿ ಚಲಾವಣೆಗೆ ಬಂದವು. ಇದು ಸರಿಯಲ್ಲ. ಕೇಸರಿ ನೀರನ್ನು ದಾರಿಹೋಕರ ಮೇಲೆ, ಅರಸ ಅರಸಿಯರ ಮೇಲೆ ಕೂಡ, ಮೂರು ದಿನ ಎರಚುವ ಹಬ್ಬವೊಂದು ಪೊಜ್ಜೊನ ಬರಹದಲ್ಲಿದೆ, ಹಬ್ಬದ ಹೆಸರಿಲ್ಲ. ಅದನ್ನು ಓಕುಳಿಯೆಂದು ಗುರುತಿಸಬಲ್ಲವರು ಕನ್ನಡ ಕಾವ್ಯ ಶಾಸನಗಳನ್ನು ಓದಿದವರೇ.

5

1966ರ ನವೆಂಬರ್ 4ರಂದು ವೆನಿಸ್‌ನಲ್ಲಿ ನೀರು 194 ಸೆಂಟಿಮೀಟರ್ ಏರಿತು. 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಏರಿ ಸಂತ ಮಾರ್ಕನ ಚರ್ಚಿನ ನೆಲಮಾಳಿಗೆಗೂ ನುಗ್ಗಿತು. ಹಿನ್ನೀರಿನ ಮೂರು ಬಾಯಿಗಳಲ್ಲಿ ಕಟ್ಟಿದ ಚಲಿಸುವ ತಡೆಗೋಡೆಗಳು 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ಉಬ್ಬರವನ್ನು ತಡೆದವು. ಆ ನಗರದ ರಕ್ಷಣೆ ನಮ್ಮ ಕೈಯಲ್ಲಿಲ್ಲ. ಆದರೆ ಕೊಂಟಿಯ ಹೇಳಿಕೆಯನ್ನು ಲ್ಯಾಟಿನ್, ಪೋರ್ಚುಗೀಸ್, ಇಟಾಲಿಯನ್ ಪಾಠಗಳೊಡನೆ ಹೋಲಿಸಿ, ಕನ್ನಡದ ಟಿಪ್ಪಣಿಗಳೊಡನೆ ಸಂಪಾದಿಸುವುದು ನಮ್ಮ ಕೈಯಲ್ಲಿದೆ. ದೆಹಲಿ, ಹೈದರಾಬಾದುಗಳಂಥ ನಗರಗಳಲ್ಲಿ ಕನ್ನಡ ಸಂಶೋಧಕನಿಗೆ ಯುರೋಪಿನ ಭಾಷೆಗಳನ್ನು ಬಲ್ಲ ವಿದ್ವಾಂಸರು ಹತ್ತಿರದಲ್ಲೇ ಇರುತ್ತಾರೆ. ಹೊರನಾಡಿನಲ್ಲಿರುವುದರ ಈ ಅನುಕೂಲವನ್ನು ನಮ್ಮ ತರುಣ ಸಂಶೋಧಕರು ಬಳಸಿಕೊಳ್ಳಬೇಕೆಂಬುದು ನಮ್ಮ ಆಶಯ.