ಒಂದೇ ಪಂಕ್ತಿಯಲ್ಲಿ ಕುಳಿತವರು

ಬೆಲ್ಜಿಯಂ ಶೈಲಿಯ ಉಪಾಹಾರ ಗೃಹಕ್ಕೆ ಹೋಗಿ ಕುಳಿತರೆ, ಮೇಜಿಗೆ ಮುಚ್ಚಳವಿರುವ ಒಂದು ಪಾತ್ರೆ ಬರುತ್ತದೆ. ಮುಚ್ಚಳ ತೆಗೆದರೆ ಒಳಗೆ ಹಬೆಯಲ್ಲಿ ಬೆಂದು ಬಾಯ್ತೆರೆದ ನೀಲಿಗಪ್ಪು ಚಿಪ್ಪುಗಳು. ಪಕ್ಕದಲ್ಲಿ ಕರಿದ ಆಲೂಗಡ್ಡೆ ಮತ್ತು ಸಣ್ಣ ಘಟಕವೊಂದರಲ್ಲಿ ತಯಾರಾದ ಬಿಯರ್. ಕುಮಟೆಯ ವಿದ್ಯಾರ್ಥಿ ಇದನ್ನು ನೋಡಿದರೆ, 'ಅಯ್ಯೋ, ಇದು ನಮ್ಮ ನೀಲಿಕಲ್ಲು!' ಎಂದು ನಕ್ಕಾನು. ಮದ್ಯದ ಗುಣದೋಷ ಇಲ್ಲಿ ನಮ್ಮ ವಿಷಯವಲ್ಲ. ಆ ಮೇಜಿನ ಹಿಂದೆ ಇರುವ ವಿಜ್ಞಾನದ ಇತಿಹಾಸವನ್ನು ನೋಡೋಣ. ಅದು ಕೊನೆಗೆ ನಮ್ಮನ್ನು ಉತ್ತರ ಕನ್ನಡದ ಅಳಿವೆಗಳಿಗೇ ಕರೆತರುತ್ತದೆ.

ಮೊದಲು ಬಿಯರ್. ಬ್ರಸೆಲ್ಸ್ ಸುತ್ತಮುತ್ತ 'ಲ್ಯಾಂಬಿಕ್' ಎಂಬ ಬಗೆಯೊಂದಿದೆ. ಕುದಿಸಿದ ಧಾನ್ಯರಸವನ್ನು ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ಗಾಳಿಗೆ ತೆರೆದಿಡುತ್ತಾರೆ. ಯಾರೂ ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ಕಟ್ಟಡದಲ್ಲಿ, ಮರದ ಪೀಪಾಯಿಯಲ್ಲಿ ಇರುವ ಸೂಕ್ಷ್ಮಜೀವಿಗಳೇ ಬಂದು ಕೆಲಸ ಶುರು ಮಾಡುತ್ತವೆ. ಬೇಸಿಗೆಯಲ್ಲಿ ಕೆಡಿಸುವ ಜೀವಿಗಳ ಕಾಟ ಹೆಚ್ಚಾದ್ದರಿಂದ ತಂಪು ತಿಂಗಳುಗಳಲ್ಲಿ ಮಾತ್ರ ಈ ಕೆಲಸ. ಮೊದಲು ಕರುಳಿನ ಬ್ಯಾಕ್ಟೀರಿಯಾಗಳ ಬಂಧುಗಳು, ಆಮೇಲೆ ಸ್ಯಾಕರೊಮೈಸಿಸ್ ಯೀಸ್ಟ್, ನಂತರ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು, ಕೊನೆಗೆ ನಿಧಾನಗತಿಯ ಬ್ರೆಟಾನೊಮೈಸಿಸ್ ಯೀಸ್ಟ್ ಹೀಗೆ ಸರದಿ ಸಾಗುತ್ತದೆ. ಒಂದು ಗುಂಪು ಮಾಡಿದ ಬದಲಾವಣೆ ಮುಂದಿನ ಗುಂಪಿಗೆ ದಾರಿ. ಎಲ್ಲ ಮುಗಿಯಲು 1ರಿಂದ 3 ವರ್ಷ ಬೇಕು. ನಿಮ್ಮ ಮನೆಯ ಇಡ್ಲಿ ಹಿಟ್ಟಿನಲ್ಲಿ ಒಂದು ರಾತ್ರಿಯೊಳಗೆ ನಡೆಯುವುದೂ ಇಂಥದೇ ಸರದಿ. ಅಲ್ಲಿಯೂ ಯಾರೂ ಹುದುಗು ಬೆರೆಸುವುದಿಲ್ಲ.

1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಹ್ಯಾನ್ಸೆನ್ ಒಂದೇ ಯೀಸ್ಟ್ ಕೋಶದಿಂದ ಶುದ್ಧ ತಳಿ ಬೆಳೆಸಿದ. ಜಗತ್ತಿನ ಹೆಚ್ಚಿನ ಬಿಯರ್ ತಯಾರಕರು ಆ ದಾರಿ ಹಿಡಿದರು. ಬ್ರಸೆಲ್ಸ್‌ನ ಲ್ಯಾಂಬಿಕ್ ತಯಾರಕರು ಮಾತ್ರ ಹಳೆಯ ಬೆರಕೆಯನ್ನು ಬಿಡಲಿಲ್ಲ.

ಇನ್ನು ಚಿಪ್ಪು. ಇದರ ಕಥೆಯೇ ಹೆಚ್ಚು ಸ್ವಾರಸ್ಯ. ಲೂವೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪಿಯರ್ ಜೋಸೆಫ್ ವಾನ್ ಬೆನೆಡೆನ್ 1843ರಲ್ಲಿ ಆಸ್ಟೆಂಡ್ ಕಡಲತೀರದಲ್ಲಿ ಪ್ರಯೋಗಶಾಲೆಯೊಂದನ್ನು ತೆರೆದ. ಕಡಲ ಜೀವಿಗಳ ಅಧ್ಯಯನಕ್ಕೆಂದೇ ಹುಟ್ಟಿದ ಜಗತ್ತಿನ ಮೊದಮೊದಲ ಪ್ರಯೋಗಶಾಲೆಗಳಲ್ಲಿ ಅದೂ ಒಂದು. ಜಾಗ ಎಲ್ಲಿಯದು ಗೊತ್ತೆ? ಹೆಂಡತಿಯ ಮನೆಯವರು ಸಿಂಪಿ ಸಾಕುತ್ತಿದ್ದ ಕೊಳಗಳ ಬಳಿ! ಊಟಕ್ಕೆಂದು ಸಾಕಿದ ಸಿಂಪಿಯ ಪಕ್ಕದಲ್ಲೇ ಸೂಕ್ಷ್ಮದರ್ಶಕ.

ಚಿಪ್ಪುಜೀವಿಯ ಒಳಗೆ ಕೆಲವೊಮ್ಮೆ ಬಟಾಣಿ ಗಾತ್ರದ ಏಡಿ ಸಿಗುತ್ತದೆ. ಚಿಪ್ಪುಜೀವಿ ನೀರು ಸೋಸಿ ಹಿಡಿದ ಆಹಾರದಲ್ಲಿ ಅದು ಪಾಲು ಪಡೆಯುತ್ತದೆ. ಇಂಥ ಸಂಬಂಧಗಳನ್ನು ಪರಾವಲಂಬನೆಯಿಂದ ಬೇರ್ಪಡಿಸಿ, ಒಂದೇ ಮೇಜಿನಲ್ಲಿ ಉಣ್ಣುವವರು ಎಂಬ ಅರ್ಥದ ಲ್ಯಾಟಿನ್ ಪದದಿಂದ ವಾನ್ ಬೆನೆಡೆನ್ 1870ರ ದಶಕದಲ್ಲಿ ಹೆಸರಿಟ್ಟ. ಪಠ್ಯದಲ್ಲಿ ನೀವು ಓದುವ 'ಸಹಭೋಜಿತನ' ಅದೇ. ಬಟಾಣಿ ಏಡಿ ತನ್ನ ಆತಿಥೇಯನಿಗೆ ತೊಂದರೆ ಕೊಡುತ್ತದೆಂದು ನಂತರದ ಅಧ್ಯಯನಗಳು ತೋರಿಸಿವೆ. ಉದಾಹರಣೆ ಸೋತರೂ ಪದ ಉಳಿಯಿತು.

ನಮ್ಮ ಕರಾವಳಿಯ ಊಟದ ಬಗ್ಗೆಯೂ ಹಳೆಯ ದಾಖಲೆ ಇದೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಅಲ್ಲಿನ ಅರಮನೆಯ ಊಟವನ್ನು ವಿವರವಾಗಿ ಬರೆದಿದ್ದಾನೆ: ಅನ್ನ, ತುಪ್ಪ, ಉಪ್ಪಿನಕಾಯಿ, ಕೋಳಿ, ಬಗೆಬಗೆಯ ಮೀನು, ಕೊನೆಗೆ ಮೊಸರು. ಅನ್ನವೇ ಆಹಾರವಾದ್ದರಿಂದ ಹನ್ನೊಂದು ತಿಂಗಳು ರೊಟ್ಟಿ ಕಾಣಲಿಲ್ಲವಂತೆ! ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದೂ ಹೇಳುತ್ತಾನೆ; ಶಿಕ್ಷಕರು ಗಮನಿಸಬೇಕು. ದಕ್ಷಿಣದ ಭಟ್ಕಳ ಬಂದರಿನಿಂದ ಅಕ್ಕಿ ಹೊರಹೋಗುತ್ತಿತ್ತು, ಕುದುರೆ ಬರುತ್ತಿತ್ತು. (ಭಟ್ಕಳದ ಹೊಳೆಯ ಹೆಸರು ಶರಾಬಿ. ನಮ್ಮ ಬಿಯರಿಗೂ ಅದಕ್ಕೂ ನಂಟು ಕಟ್ಟಬೇಡಿ.)

ಅರಮನೆಯ ಆ ಪಟ್ಟಿಯಲ್ಲಿ ಚಿಪ್ಪು ಇಲ್ಲ. ಅದು ಅಳಿವೆಯ ಕೆಸರಿನಲ್ಲಿ ನಿಂತು ಆಯುವವರ ಆಹಾರ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಗಂಡಸರು, ಹೆಂಗಸರು ಬಳಚು ಆಯುವುದನ್ನು ನೀವು ನೋಡಿರಬಹುದು. 2008ರ ಅಧ್ಯಯನವೊಂದರ ಪ್ರಕಾರ ಇಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿ ಸಿಗುತ್ತಿತ್ತು. 2,300ಕ್ಕೂ ಹೆಚ್ಚು ಜನ ಈ ಕೆಲಸದಲ್ಲಿದ್ದರು. ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು.

ಕೆಲವೇ ಮೈಲಿ ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿಯ ಅಳಿವೆ ಇದೆ. ಅದೇ ಕಡಲು, ಅದೇ ಮಳೆ. ಆದರೆ ಅಲ್ಲಿ ಚಿಪ್ಪಿನ ಬಗೆಗಳೂ ಕಡಿಮೆ, ಸಿಗುವುದೂ ಕಡಿಮೆ. ಕಾರಣ ಉಪ್ಪು. ಮಳೆಗಾಲದಲ್ಲಿ ಎರಡೂ ಅಳಿವೆಗಳ ನೀರು ಸಪ್ಪೆಯಾಗುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಭರತದೊಂದಿಗೆ ಕಡಲ ನೀರು ಒಳನುಗ್ಗಿ ಉಪ್ಪು ಮರಳಬೇಕು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಹಾಗೆಯೇ ಆಗುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಆಮೇಲೆ ಗೇರುಸೊಪ್ಪೆಯ ಅಣೆಕಟ್ಟು ಬಂದವು. ವಿದ್ಯುತ್ ತಯಾರಿಸಿದ ನೀರು ಬೇಸಿಗೆಯಲ್ಲೂ ಕೆಳಗೆ ಹರಿಯುವುದರಿಂದ ಉಪ್ಪು ಮೊದಲಿನಷ್ಟು ಏರುವುದಿಲ್ಲ. ಸಪ್ಪೆ ನೀರನ್ನು ತಾಳಬಲ್ಲ ವಿಲೋರಿಟಾದಂಥ ಕಪ್ಪು ಬಳಚು ಬದುಕಿಕೊಳ್ಳುತ್ತದೆ. ಹೆಚ್ಚು ಉಪ್ಪು ಬೇಡುವ ಪಾಫಿಯಾ, ಸಿಂಪಿಗಳಿಗೆ ಕಷ್ಟ. ವಿದ್ಯುತ್ತಿನ ಲೆಕ್ಕ ಹಾಕುವಾಗ ಈ ನಷ್ಟವನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ ಎಂಬುದು ನನ್ನ ತಕರಾರು. ಲ್ಯಾಂಬಿಕ್ ತೊಟ್ಟಿಯ ಹಾಗೆ ಅಳಿವೆಯಲ್ಲೂ ಯಾರು ಉಳಿಯುತ್ತಾರೆಂದು ನಿರ್ಧರಿಸುವುದು ದ್ರವದ ಗುಣವೇ.

ಇದನ್ನು ಶಾಲೆಯಲ್ಲೇ ಪರೀಕ್ಷಿಸಬಹುದು. ಏಪ್ರಿಲ್ ತಿಂಗಳಲ್ಲಿ, ಒಂದೇ ದಿನ, ಭರತ ತುಂಬಿದ ಹೊತ್ತಿಗೆ, ಎರಡೂ ಅಳಿವೆಗಳಲ್ಲಿ ಕಡಲಿನಿಂದ ಸಮದೂರದ ಜಾಗದಿಂದ ಒಂದೊಂದು ಲೀಟರ್ ನೀರು ತನ್ನಿ. ಸೋಸಿ, ಪೂರ್ತಿ ಆವಿಯಾಗಿಸಿ, ಉಳಿದ ಉಪ್ಪನ್ನು ತೂಗಿ. ತೆರೆದ ಕಡಲಿನ ನೀರಾದರೆ ಸುಮಾರು 35 ಗ್ರಾಂ ಸಿಗುತ್ತದೆ.